ಸಬ್ಸಿಡಿ ದುಡ್ಡು ಉಳುವವರಿಗೋ, ಪಹಣಿಗೋ?

ರೈತರಿಗೆ ಸರ್ಕಾರ ಎಷ್ಟು ಕೊಡುತ್ತೆ ಅನ್ನೋ ಜಗಳ ಪ್ರತಿ ಬಜೆಟ್ಟಿನಲ್ಲೂ ನಡೆಯುತ್ತದೆ. ಯಾವ ರೈತರಿಗೆ ಕೊಡುತ್ತೆ ಅನ್ನೋದನ್ನು ಕೇಳುವವರು ಕಡಿಮೆ. ಭದ್ರಾವತಿಯ ಓಲ್ಡ್ ಟೌನ್ ಬಿಟ್ಟು ಹೊಳೆಹೊನ್ನೂರು, ಕೂಡ್ಲಿಗೆರೆ ಕಡೆಗೆ ಹೋದರೆ ಭತ್ತದ ಗದ್ದೆ, ಅಡಿಕೆ ತೋಟಗಳು ಸಿಗುತ್ತವೆ. ಅಲ್ಲಿ ಬೆವರು ಸುರಿಸುವವರು ಮತ್ತು ಪಹಣಿಯಲ್ಲಿ ಹೆಸರಿರುವವರು ಯಾವಾಗಲೂ ಒಬ್ಬರೇ ಆಗಿರಲ್ಲ. ಸರ್ಕಾರದ ದುಡ್ಡು ಹುಡುಕಿಕೊಂಡು ಹೋಗೋದು ಎರಡನೆಯವರನ್ನು.

ಯಾವ ದುಡ್ಡು, ಎಷ್ಟು?

ಪಿಎಂ ಕಿಸಾನ್: 2019ರಲ್ಲಿ ಶುರುವಾದ ಕೇಂದ್ರದ ಯೋಜನೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಇದಕ್ಕೆ ರಾಜ್ಯದ ಯಡಿಯೂರಪ್ಪ ಸರ್ಕಾರ 4,000 ಸೇರಿಸಿತ್ತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಅದನ್ನು ನಿಲ್ಲಿಸಿತು.

ಬೆಳೆ ಹಾನಿ ಪರಿಹಾರ: ಕೇಂದ್ರದ 2022-26ರ ಮಾರ್ಗಸೂಚಿ ಪ್ರಕಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರ್. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು.

ಇವಲ್ಲದೆ ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರೀಮಿಯಂನಲ್ಲಿ ಸರ್ಕಾರದ ಪಾಲು, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟು, ಗೊಬ್ಬರದ ಸಬ್ಸಿಡಿ ಇವೆ. ಈ ಪೈಕಿ ಗೊಬ್ಬರದ ರಿಯಾಯಿತಿ ಮಾತ್ರ ಅಂಗಡಿಯಲ್ಲಿ ಚೀಲ ಕೊಂಡವರಿಗೆಲ್ಲ ಸಿಗುತ್ತದೆ. ಉಳಿದದ್ದಕ್ಕೆ ಬಹುಪಾಲು ಕಾಗದವೇ ಬೇಕು.

ಖಾತೆಗೆ ಬರೋದು ಹೇಗೆ?

ಮೊದಲು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿ ಎಫ್‌ಐಡಿ ಸಂಖ್ಯೆ ಸಿಗಬೇಕು. ಅದಕ್ಕೆ ಆಧಾರ್, ಬ್ಯಾಂಕ್ ಖಾತೆ ಮತ್ತು ಜಮೀನಿನ ಸರ್ವೆ ನಂಬರ್ ಜೋಡಣೆ ಆಗಬೇಕು. ಪಿಎಂ ಕಿಸಾನ್‌ಗೆ ಇ-ಕೆವೈಸಿ ಬೇರೆ. ಇಷ್ಟರಲ್ಲಿ ಒಂದು ಕೊಂಡಿ ಕಳಚಿದರೂ ದುಡ್ಡು ನಿಲ್ಲಬಹುದು.

ಯಾರು ಹೊರಗೆ ಉಳೀತಾರೆ?

ಆದಾಯ ತೆರಿಗೆ ಕಟ್ಟುವವರನ್ನು, ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತ ನೌಕರರನ್ನು ಪಿಎಂ ಕಿಸಾನ್ ಬೇಕಂತಲೇ ಹೊರಗಿಟ್ಟಿದೆ. ಅದರಲ್ಲಿ ತಕರಾರಿಲ್ಲ. ತಕರಾರು ಇರೋದು ಈ ಮೂವರ ವಿಷಯದಲ್ಲಿ.

ಒಂದು, ಬಗರ್ ಹುಕುಂ ಸಾಗುವಳಿದಾರರು. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ, ಶಾಸಕರ ನೇತೃತ್ವದ ಸಮಿತಿಯ ತೀರ್ಮಾನಕ್ಕೆ ಕಾಯುತ್ತಿರುವವರು. ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿ ಮುಳುಗಡೆ ಸಂತ್ರಸ್ತರಿಗೂ ಹಕ್ಕುಪತ್ರದ್ದೇ ಗೋಳು.

ಎರಡು, ಹೆಣ್ಣುಮಕ್ಕಳು. ಗಂಡ ತೀರಿಕೊಂಡರೂ ಪಹಣಿಯಲ್ಲಿ ಮಾವನ ಹೆಸರೇ ಇರುತ್ತದೆ. ಪೌತಿ ಖಾತೆ ಆಗೋವರೆಗೂ ಆಕೆ ಕಂಪ್ಯೂಟರಿನ ಲೆಕ್ಕದಲ್ಲಿ ರೈತಳೇ ಅಲ್ಲ.

ಮೂರು, ಗೇಣಿಗೋ ಕೋರಿಗೋ ಗದ್ದೆ ಮಾಡುವವರು. ಇಲ್ಲೊಂದು ಚರಿತ್ರೆಯ ವ್ಯಂಗ್ಯವಿದೆ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಜಿಲ್ಲೆಯ ಸಾಗರ ತಾಲೂಕಿನಲ್ಲಿ. 1974ರ ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು, ಗೇಣಿ ಪದ್ಧತಿಯನ್ನೇ ನಿಷೇಧಿಸಿತು. ಆದರೆ ಬಾಯಿಮಾತಿನ ಗೇಣಿ ಉಳಿದುಕೊಂಡಿತು. ಕಾನೂನಿನಲ್ಲಿ ಇಲ್ಲದ ಗೇಣಿದಾರನಿಗೆ ಬರ ಬಿದ್ದಾಗ ಪರಿಹಾರವೂ ಇಲ್ಲ. ಗೊಬ್ಬರ, ಕೂಲಿ, ಸಾಲ ಅವನದು, ಪರಿಹಾರ ಪಹಣಿದಾರನದು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಈ ಅಂತರ ಇನ್ನೂ ಹಿಗ್ಗುವುದಕ್ಕೆ ಅದೇ ದಾರಿ.

ಬೇರೆ ದಾರಿ ಇದೆಯಾ?

ಇದೆ. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕುಗಳ ಕಾಯ್ದೆ ತಂದು, ಮಾಲೀಕತ್ವಕ್ಕೆ ಧಕ್ಕೆಯಾಗದಂತೆ ಗೇಣಿದಾರರಿಗೆ 11 ತಿಂಗಳ ಕಾರ್ಡ್ ಕೊಟ್ಟಿತು. ಒಡಿಶಾದ ಕಾಲಿಯಾ ಯೋಜನೆ ಪಾಲುದಾರ ರೈತರನ್ನೂ ಭೂಹೀನರನ್ನೂ ಸೇರಿಸಿಕೊಂಡಿತ್ತು. ಇಂಥ ಕಾರ್ಡ್ ಕೊಟ್ಟರೆ ನಾಳೆ ಜಮೀನೇ ಹೋಗಬಹುದು ಅಂತ ಮಾಲೀಕರು ಹೆದರುವುದು ಸಹಜ. ಆ ಭಯ ಹೋಗಲಾಡಿಸುವ ಕಾನೂನು ಬರೆಯಬೇಕಾದ್ದು ಸರ್ಕಾರದ ಕೆಲಸ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದೂ ಇದೆ. ಮನೆಯಲ್ಲಿ ಪೌತಿ ಖಾತೆ ಬಾಕಿ ಇದ್ದರೆ ನಾಡಕಚೇರಿಗೆ ಅರ್ಜಿ ಹಾಕಿಸಿ. ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ. ವೋಟು ಕೇಳಲು ಬಂದವರು "ರೈತರಿಗೆ ಇಷ್ಟು ಕೋಟಿ ಕೊಟ್ಟೆವು" ಅಂದಾಗ, ಅದರಲ್ಲಿ ಉಳುವವರಿಗೆ ಸಿಕ್ಕಿದ್ದೆಷ್ಟು ಅಂತಲೂ ಕೇಳಿ.