ಮಂಗಳೂರು–ಹುಬ್ಬಳ್ಳಿ ವಿಮಾನ ದೂರ ಮತ್ತು ಹಾರಾಟದ ಅವಧಿ

ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣಕ್ಕೂ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೂ ನಡುವಿನ ನೇರ ದೂರ ಸುಮಾರು 266 ಕಿ.ಮೀ., ಅಂದರೆ 144 ನಾಟಿಕಲ್ ಮೈಲಿ. ಭೂಮಿಯ ದುಂಡಗಿನ ಮೇಲ್ಮೈ ಮೇಲೆ ಎರಡು ಸ್ಥಳಗಳನ್ನು ಸೇರಿಸುವ ಅತಿ ಕಿರಿದಾದ ಗೆರೆಯ ಅಳತೆ ಇದು. ಗೆರೆ ಬಹುಮಟ್ಟಿಗೆ ನೆಟ್ಟಗೆ ಉತ್ತರಕ್ಕೆ ಸಾಗಿ, ಕರಾವಳಿಯಿಂದ ಘಟ್ಟವೇರಿ, ಸಾಗರ–ಸಿರಸಿ ಕಡೆಯ ಮಲೆನಾಡನ್ನು ದಾಟಿ ಬಯಲುಸೀಮೆಯ ಅಂಚನ್ನು ಮುಟ್ಟುತ್ತದೆ. ಪ್ರಾದೇಶಿಕ ಮಾರ್ಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಟಿಆರ್ 72 ವಿಮಾನದ ಗರಿಷ್ಠ ಯಾನವೇಗ ಗಂಟೆಗೆ ಸುಮಾರು 510 ಕಿ.ಮೀ. ಭಾಗಿಸಿದರೆ 31 ನಿಮಿಷ. ದೂರ ತಿಳಿಸುವ ಕೋಷ್ಟಕಗಳು ಬಹುತೇಕ ಇಲ್ಲಿಗೇ ನಿಲ್ಲುತ್ತವೆ. ಆದರೆ ಇಷ್ಟು ಹತ್ತಿರದ ಊರುಗಳ ನಡುವೆ ಈ ಲೆಕ್ಕ ದಾರಿ ತಪ್ಪಿಸುತ್ತದೆ.

ಕಾರಣ ರನ್‌ವೇಗಳ ದಿಕ್ಕಿನಲ್ಲೇ ಇದೆ. ಮಂಗಳೂರಿನ 2,450 ಮೀಟರ್ ಉದ್ದದ ಮುಖ್ಯ ರನ್‌ವೇ ಈಶಾನ್ಯ–ನೈಋತ್ಯವಾಗಿ ಚಾಚಿದೆ. ಹುಬ್ಬಳ್ಳಿಯದು ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ಉತ್ತರಕ್ಕೆ ಹೋಗಬೇಕಾದ ವಿಮಾನ ಗಾಳಿ ನೈಋತ್ಯದಿಂದ ಬೀಸುವಾಗ ಸಮುದ್ರದ ಕಡೆಗೆ ಮೇಲೇರಿ ಆಮೇಲೆ ತಿರುಗಬೇಕು. ಹುಬ್ಬಳ್ಳಿಯಲ್ಲಿ ಇಳಿಯುವಾಗಲೂ ಬಂದ ದಿಕ್ಕಿಗೆ ಅಡ್ಡಲಾಗಿ ಹೊರಳಿಕೊಳ್ಳದೆ ಬೇರೆ ದಾರಿಯಿಲ್ಲ. ಇದರ ಜೊತೆಗೆ ನೆಲದ ಮೇಲಿನ ಟ್ಯಾಕ್ಸಿಯಿಂಗ್, ಮೇಲೇರುವಾಗಿನ ಕಡಿಮೆ ವೇಗ, ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಕವಿಯುವ ಮೋಡ ಸೇರಿಕೊಳ್ಳುತ್ತವೆ. ಹಾಗಾಗಿ ಚಕ್ರದ ಅಡ್ಡೆ ತೆಗೆದಾಗಿನಿಂದ ಮತ್ತೆ ಹಾಕುವವರೆಗಿನ ಬ್ಲಾಕ್ ಟೈಮ್ ಒಂದು ಗಂಟೆಯ ಆಸುಪಾಸಿಗೆ ಬರುತ್ತದೆ: ಕಾಗದದ ಲೆಕ್ಕದ ಸುಮಾರು ಇಮ್ಮಡಿ. ಬೆಂಗಳೂರು–ದೆಹಲಿಯಂಥ ಸುಮಾರು 1,700 ಕಿ.ಮೀ. ಮಾರ್ಗದಲ್ಲೂ ಹೀಗೆ ಅರ್ಧ ಗಂಟೆಗೂ ಮಿಕ್ಕ ಸಮಯ ಸೇರುತ್ತದೆ, ಆದರೆ ಎರಡು ಗಂಟೆಯ ಹಾರಾಟದ ಮುಂದೆ ಅದು ಹಗುರ. ದೂರ ಕಿರಿದಾದಷ್ಟೂ ಈ ಹೊರೆಯ ಪಾಲು ಹಿರಿದು.

ಜೆಟ್ ವಿಮಾನ ಹಾಕಿದರೆ ಸಮಸ್ಯೆ ತೀರುತ್ತದಲ್ಲವೇ ಎಂದು ಕೇಳಬಹುದು. ಗಂಟೆಗೆ 830 ಕಿ.ಮೀ. ವೇಗದಲ್ಲಿ 266 ಕಿ.ಮೀ.ಗೆ 19 ನಿಮಿಷ ಸಾಕು. ಉಳಿತಾಯ 12 ನಿಮಿಷ. ಆದರೆ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್‌ಗಳ ವೇಗಮಿತಿ ಇದೆ. ಅದನ್ನು ದಾಟಿ ಪೂರ್ಣ ವೇಗ ಪಡೆಯುವಷ್ಟರಲ್ಲಿ ಇಳಿಯಲು ಆರಂಭಿಸಬೇಕಾಗುವುದರಿಂದ ಆ 12 ನಿಮಿಷವೂ ಕರಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ವೇಳಾಪಟ್ಟಿಯ ಅವಧಿಗೆ ವಿಮಾನ ಸಂಸ್ಥೆಗಳು ತಡವಾಗುವ ಭಯದಿಂದ ಒಂದಿಷ್ಟು ನಿಮಿಷ ಸೇರಿಸಿಯೇ ಪ್ರಕಟಿಸುತ್ತವೆ, ದೂರವಾದರೋ ಬದಲಾಗದು, ಆದ್ದರಿಂದ ನಂಬಬೇಕಾದದ್ದು ದೂರವನ್ನೇ ಎಂಬುದು. ಮಾರ್ಗಗಳನ್ನು ಹೋಲಿಸಲು, ಇಂಧನದ ಅಂದಾಜು ಹಾಕಲು ಈ ಮಾತು ಸರಿ. ಪ್ರಯಾಣಿಕನಿಗೆ ಸರಿಯಲ್ಲ, ಅವನು ಕಳೆಯುವುದು ಕಿಲೋಮೀಟರುಗಳನ್ನಲ್ಲ, ಗಂಟೆಗಳನ್ನು.

ನೇರ ವಿಮಾನ ಇಲ್ಲದ ದಿನ ಈ ವ್ಯತ್ಯಾಸ ಇನ್ನೂ ನಿಚ್ಚಳ. ಬೆಂಗಳೂರಿನ ಮೂಲಕ ಹೋದರೆ ಮಂಗಳೂರು–ಬೆಂಗಳೂರು ಸುಮಾರು 306, ಬೆಂಗಳೂರು–ಹುಬ್ಬಳ್ಳಿ ಸುಮಾರು 370, ಒಟ್ಟು 676 ಕಿ.ಮೀ.: ನೇರ ದೂರದ ಎರಡೂವರೆ ಪಟ್ಟು, ನಡುವಿನ ಕಾಯುವಿಕೆ ಬೇರೆ. ಪ್ರಾದೇಶಿಕ ನಿಲ್ದಾಣಗಳ ಕೋಷ್ಟಕ ಸಿದ್ಧಪಡಿಸುವವರು ನೇರ ದೂರದ ಪಕ್ಕದಲ್ಲೇ ಬ್ಲಾಕ್ ಟೈಮನ್ನೂ, ಸಂಪರ್ಕ ವಿಮಾನದ ಒಟ್ಟು ದೂರವನ್ನೂ ಕೊಡಬೇಕು.