ನೀರು ಚಿಗಟದ ಸಾಕ್ಷಿ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶ ಸ್ವಾಮಿಯ ಕಾರಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯನವರು ಬಿಲ್ಲನ್ನೇರಿ, ನೆರೆದ ಜನವೆಲ್ಲ ಮೌನವಾದ ಮೇಲೆ ಒಂದೇ ಒಂದು ಮಾತು ನುಡಿಯುತ್ತಾರೆ. ಮುಂದಿನ ಮಳೆ ಹೇಗೆ, ಬೆಳೆ ಹೇಗೆ ಎಂಬುದನ್ನು ರೈತರು ಆ ಮಾತಿನಲ್ಲಿ ಹುಡುಕುತ್ತಾರೆ. ಬರಲಿರುವುದನ್ನು ಮೊದಲೇ ತಿಳಿಯಬೇಕೆಂಬ ಆಸೆ ಒಕ್ಕಲುತನದಷ್ಟೇ ಹಳೆಯದು. ಕಾರ್ಖಾನೆಗಳ ಕಾಲದಲ್ಲಿ ಆ ಆಸೆಗೆ ಇನ್ನೊಂದು ರೂಪ ಬಂತು. ಒಂದು ರಾಸಾಯನಿಕ ಹೊಳೆಗೆ ಬಿದ್ದರೆ ಏನಾದೀತು ಎಂಬುದನ್ನು ಅದು ಹೊಳೆಗೆ ಬೀಳುವ ಮೊದಲೇ ತಿಳಿಯುವ ಪರೀಕ್ಷೆಗಳು ಹುಟ್ಟಿಕೊಂಡವು. ಅಂಥ ಒಂದು ಪರೀಕ್ಷೆಯ ಚರಿತ್ರೆಯನ್ನೂ, ಇದೇ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಚರಿತ್ರೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಪರೀಕ್ಷೆಯಲ್ಲಿ ಉತ್ತರ ಹೇಳುವ ಜೀವಿಯ ಹೆಸರು ಡ್ಯಾಫ್ನಿಯಾ. ಬೆನ್ನುಮೂಳೆಯಿಲ್ಲದ ಈ ಸಣ್ಣ ಪ್ರಾಣಿ ಸಿಗಡಿಯ ದೂರದ ಬಂಧು. ನೀರಿನಲ್ಲಿ ಕುಪ್ಪಳಿಸಿದಂತೆ ಈಜುವುದರಿಂದ ಇದನ್ನು ನೀರು ಚಿಗಟ ಎನ್ನುತ್ತಾರೆ. ಹೆಸರಿಗಷ್ಟೇ ಚಿಗಟ, ಯಾರನ್ನೂ ಕಚ್ಚುವುದಿಲ್ಲ. ನೀರಿನ ಪಾಚಿಯನ್ನು ಸೋಸಿ ತಿನ್ನುತ್ತದೆ, ತಾನು ಮೀನುಮರಿಗಳ ಆಹಾರವಾಗುತ್ತದೆ. ಅಂದರೆ ಚಿಗಟ ಸತ್ತ ನೀರಿನಲ್ಲಿ ಮೀನಿಗೂ ಕಷ್ಟಕಾಲ ಬಂತೆಂದೇ ಅರ್ಥ. ಇದನ್ನು ಸಾಕುವುದು ಸುಲಭ. ಅನುಕೂಲದ ದಿನಗಳಲ್ಲಿ ಹೆಣ್ಣು ಚಿಗಟ ಗಂಡಿನ ಹಂಗಿಲ್ಲದೆ ತನ್ನಂಥವೇ ಹೆಣ್ಣುಮರಿಗಳನ್ನು ಹಾಕುತ್ತದೆ. ಹಾಗಾಗಿ ಒಂದೇ ತರಹದ ನೂರಾರು ಮರಿಗಳು ಪ್ರಯೋಗಕ್ಕೆ ಸಿಗುತ್ತವೆ.

1930ರ ದಶಕದಲ್ಲಿ ಸ್ವೀಡನ್ನಿನ ಸರೋವರ ವಿಜ್ಞಾನಿ ಐನಾರ್ ನೌಮನ್, ನೀರಿನ ಗುಣವನ್ನು ತಿಳಿಯಲು ಡ್ಯಾಫ್ನಿಯಾವನ್ನು ಪ್ರಯೋಗಪ್ರಾಣಿಯಾಗಿ ಬಳಸಬಹುದೆಂದು ಬರೆದರು. 1944ರಲ್ಲಿ ಅಮೆರಿಕದ ಬರ್ಟಿಲ್ ಆಂಡರ್ಸನ್, ಕಾರ್ಖಾನೆಗಳ ತ್ಯಾಜ್ಯದಲ್ಲಿ ಕಂಡುಬರುವ ಹಲವು ವಸ್ತುಗಳು ಯಾವ ಪ್ರಮಾಣದಲ್ಲಿ ಈ ಜೀವಿಗೆ ವಿಷವಾಗುತ್ತವೆ ಎಂಬುದರ ಪಟ್ಟಿಯನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಹಲವು ದೇಶಗಳ ಪ್ರಯೋಗಾಲಯಗಳು ತಮ್ಮ ತಮ್ಮ ರೀತಿಯಲ್ಲಿ ಇದನ್ನು ಮಾಡತೊಡಗಿದವು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 1984ರ ಏಪ್ರಿಲ್‌ನಲ್ಲಿ ಇದನ್ನು 202ನೇ ಸಂಖ್ಯೆಯ ಮಾರ್ಗಸೂಚಿಯಾಗಿ ಅಂಗೀಕರಿಸಿತು, 2004ರಲ್ಲಿ ಪರಿಷ್ಕರಿಸಿತು.

ಪರೀಕ್ಷೆಯ ಕ್ರಮ ಸರಳ. ಹುಟ್ಟಿ 24 ಗಂಟೆಯೂ ಆಗದ ಮರಿಗಳನ್ನು ತೆಗೆದುಕೊಳ್ಳುತ್ತಾರೆ. ಒಂದೊಂದೂ ಸಾಸಿವೆ ಕಾಳಿಗಿಂತ ಚಿಕ್ಕದು. ರಾಸಾಯನಿಕವನ್ನು ಕನಿಷ್ಠ ಐದು ಬೇರೆ ಬೇರೆ ಪ್ರಮಾಣಗಳಲ್ಲಿ ನೀರಿಗೆ ಬೆರೆಸಿ, ಪ್ರತಿ ಪ್ರಮಾಣಕ್ಕೂ 20 ಮರಿಗಳನ್ನು ಬಿಡುತ್ತಾರೆ. ಪಕ್ಕದಲ್ಲಿ ರಾಸಾಯನಿಕ ಬೆರೆಸದ ನೀರಿನ ಪಾತ್ರೆಗಳನ್ನೂ ಇಡುತ್ತಾರೆ. 48 ಗಂಟೆಗಳ ಕಾಲ ಆಹಾರವಿಲ್ಲ. ಕೊನೆಗೆ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ ನೋಡಿದಾಗ 15 ಸೆಕೆಂಡಿನೊಳಗೆ ಈಜದ ಮರಿಯನ್ನು ನಿಶ್ಚಲವೆಂದು ಎಣಿಸುತ್ತಾರೆ. ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಪ್ರಮಾಣವನ್ನು ಲೆಕ್ಕಹಾಕಿದರೆ ಅದೇ ಉತ್ತರ. ರಾಸಾಯನಿಕವಿಲ್ಲದ ಪಾತ್ರೆಯಲ್ಲೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮರಿಗಳು ನಿಶ್ಚಲವಾದರೆ ಇಡೀ ಪರೀಕ್ಷೆಯನ್ನು ತಳ್ಳಿಹಾಕಬೇಕು. ಹೋಲಿಸಿ ನೋಡಲು ಒಳ್ಳೆಯ ನೀರು ಇಲ್ಲದಿದ್ದರೆ ಸಾಕ್ಷಿಗೆ ಬೆಲೆಯಿಲ್ಲ.

ಈಗ ತುಂಗಭದ್ರೆಗೆ ಬರೋಣ. ಹರಿಹರದ ಎದುರಿಗೆ, ಹೊಳೆಯ ಈಚೆ ದಡದ ಕುಮಾರಪಟ್ಟಣದಲ್ಲಿ, 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಆಗ ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿತ್ತು; ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ನೀಲಗಿರಿಯಂಥ ಮರಗಳ ತಿರುಳಿನಿಂದ ರೇಯಾನ್ ನೂಲು ತಯಾರಿಸುವುದು ಜಗತ್ತಿನಲ್ಲಿ ಎಲ್ಲಿ ನಡೆದರೂ ನೀರಿನ ಮೇಲೆ ಭಾರ ಹಾಕುವ ಉದ್ಯಮ. ಮರದಿಂದ ನಾರನ್ನು ಬೇರ್ಪಡಿಸುವಾಗ ಕಂದುಬಣ್ಣದ ದ್ರವ ಉಳಿಯುತ್ತದೆ. ತಿರುಳನ್ನು ಕರಗಿಸಲು ಕಾರ್ಬನ್ ಡೈಸಲ್ಫೈಡ್ ಬೇಕು. ಎಳೆ ತೆಗೆಯುವ ತೊಟ್ಟಿಯಲ್ಲಿ ಗಂಧಕಾಮ್ಲದ ಜೊತೆಗೆ ಸತುವಿನ ಸಲ್ಫೇಟ್ ಇರುತ್ತದೆ.

ಸಂಸ್ಕರಿಸದ ತ್ಯಾಜ್ಯ ತಮ್ಮ ಕುಡಿಯುವ ನೀರನ್ನೂ ಮೀನನ್ನೂ ಕೆಡಿಸುತ್ತಿದೆ ಎಂದು ಕೆಳದಡದ ಹಳ್ಳಿಗಳ ಜನ ದೂರಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರನ್ನು ಸಂಘಟಿಸಿತು. 1984ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾರ್ಖಾನೆಯ ಮುಂದೆ ದೊಡ್ಡ ಪ್ರತಿಭಟನೆ ನಡೆಯಿತು. 1985ರ ಡಿಸೆಂಬರ್‌ನಲ್ಲಿ ಸಮುದಾಯ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಅರ್ಜಿ ಇದ್ದದ್ದು, ಮಾಲಿನ್ಯ ತಡೆಯಲಿಲ್ಲವೆಂದು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ವಿರುದ್ಧ. ಇದೇ ಸಂಘಟನೆ 1987ರ ನವೆಂಬರ್ 14ರಂದು ಕುಸನೂರಿನಲ್ಲಿ, ಈ ಕಾರ್ಖಾನೆಗಾಗಿ ಹುಲ್ಲುಗಾವಲಿನಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಬೇರೆ ಗಿಡ ಹಚ್ಚುವ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿತು. ನೆಲದ ಆ ಹೋರಾಟ ಹೆಚ್ಚು ಪ್ರಸಿದ್ಧವಾಯಿತು. ಅದಕ್ಕಿಂತ ಮೊದಲಿನದು ನೀರಿನ ಹೋರಾಟ.

ಒಂದೇ ವರ್ಷದ ಏಪ್ರಿಲ್ ಮತ್ತು ಅಕ್ಟೋಬರ್. ಒಂದು ಕಡೆ, ರಾಸಾಯನಿಕದ ವಿಷವನ್ನು ಗಾಜಿನ ಪಾತ್ರೆಯಲ್ಲಿ ಅಳೆಯುವ ಕ್ರಮಕ್ಕೆ ಅಂತಾರಾಷ್ಟ್ರೀಯ ಒಪ್ಪಿಗೆ. ಇನ್ನೊಂದು ಕಡೆ, ಹೊಳೆಯ ನೀರು ಕುಡಿದವರೇ ಬೀದಿಗೆ ಬಂದು ಸಾಕ್ಷಿ ಹೇಳಬೇಕಾದ ಸ್ಥಿತಿ. ಪ್ರಯೋಗಾಲಯದ ಪರೀಕ್ಷೆ 48 ಗಂಟೆಗೆ ಮುಗಿಯುತ್ತದೆ, ಪಾತ್ರೆ ತೊಳೆದಿಡುತ್ತಾರೆ. ಹೊಳೆಯನ್ನೇ ಪಾತ್ರೆ ಮಾಡಿಕೊಂಡಾಗ ಪರೀಕ್ಷೆಗೆ ಕೊನೆಯ ಗಂಟೆ ಎಂಬುದಿಲ್ಲ. ಒಳ್ಳೆಯ ನೀರಿನ ಪಾತ್ರೆಯೂ ಕೆಳದಡದವರ ಪಾಲಿಗೆ ಉಳಿಯುವುದಿಲ್ಲ.

ಚಿಗಟವನ್ನು ಕೇಳಿದ್ದರೆ ಏನು ಹೇಳುತ್ತಿತ್ತು? ಸತುವನ್ನೇ ನೋಡೋಣ. 1972ರಲ್ಲಿ ಅಮೆರಿಕದ ಬೀಸಿಂಗರ್ ಮತ್ತು ಕ್ರಿಸ್ಟೆನ್ಸನ್ ಸುಪೀರಿಯರ್ ಸರೋವರದ ಮೆದು ನೀರಿನಲ್ಲಿ ಮಾಡಿದ ಪ್ರಯೋಗದಲ್ಲಿ, ಆಹಾರವಿಲ್ಲದ ಡ್ಯಾಫ್ನಿಯಾಗಳಲ್ಲಿ ಅರ್ಧದಷ್ಟು 48 ಗಂಟೆಯಲ್ಲಿ ಸಾಯಲು ಲೀಟರಿಗೆ 0.1 ಮಿಲಿಗ್ರಾಂ ಸತು ಸಾಕಾಗಿತ್ತು. ಎಂದರೆ ಹತ್ತು ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ. ನಮ್ಮ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ ಹೊಳೆ-ಕೆರೆಗೆ ಬಿಡುವ ತ್ಯಾಜ್ಯದಲ್ಲಿ ಲೀಟರಿಗೆ 5 ಮಿಲಿಗ್ರಾಂ ಸತುವನ್ನು ಒಪ್ಪುತ್ತದೆ. ಎರಡನ್ನೂ ನೇರವಾಗಿ ಹೋಲಿಸುವುದು ಸರಿಯಲ್ಲ. ಗಡಸು ನೀರಿನಲ್ಲಿ ಸತುವಿನ ವಿಷ ಕಡಿಮೆಯಾಗುತ್ತದೆ, ತ್ಯಾಜ್ಯವೂ ಹೊಳೆಯಲ್ಲಿ ತೆಳುವಾಗುತ್ತದೆ. ಆದರೆ ತೆಳುವಾಗಬೇಕಾದರೆ ಹೊಳೆಯಲ್ಲಿ ನೀರಿರಬೇಕು; ಬೇಸಿಗೆಯ ತುಂಗಭದ್ರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೀವಿಯ ಸಾಕ್ಷಿಗೆ ನಮ್ಮ ಕಾನೂನಿನಲ್ಲಿ ಜಾಗವೇ ಇಲ್ಲವೆಂದಲ್ಲ. ಬೇರೇನೂ ಬೆರೆಸದ ತ್ಯಾಜ್ಯದಲ್ಲಿ 96 ಗಂಟೆಯ ನಂತರ ನೂರಕ್ಕೆ 90 ಮೀನು ಬದುಕಿರಬೇಕು ಎಂಬ ನಿಯಮ ಇದೆ. ಒಂದೊಂದೇ ರಾಸಾಯನಿಕವನ್ನು ಅಳೆಯುವುದಕ್ಕಿಂತ ಇದು ಒಂದು ಹೆಜ್ಜೆ ಮುಂದೆ, ಏಕೆಂದರೆ ಹೊಳೆಗೆ ಬರುವುದು ಯಾವಾಗಲೂ ಬೆರಕೆ ನೀರು. ಚಿಗಟದ ಪರೀಕ್ಷೆಗೂ ಮಿತಿಗಳಿವೆ. ಅದನ್ನು 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸಬೇಕು; ನಮ್ಮ ಬೇಸಿಗೆಯ ನೀರು ಅದಕ್ಕಿಂತ ಎಷ್ಟೋ ಬೆಚ್ಚಗೆ. ಎರಡು ದಿನದ ಉತ್ತರ ಹತ್ತು ವರ್ಷದ ಕಥೆ ಹೇಳದು. ನೀರಿನ ರುಚಿ ಕೆಟ್ಟದ್ದು, ಬಲೆ ಖಾಲಿ ಬಂದದ್ದು ಯಾವ ಗಾಜಿನ ಪಾತ್ರೆಯಲ್ಲೂ ದಾಖಲಾಗುವುದಿಲ್ಲ. ಅದಕ್ಕೆ ದಡದ ಜನರ ಮಾತೇ ಬೇಕು.

ಹಾಗಾಗಿ ಪ್ರಶ್ನೆ ಚಿಗಟದ ಮಾತೋ ಜನರ ಮಾತೋ ಎಂಬುದಲ್ಲ. ಯಾವುದನ್ನು ಯಾವಾಗ ಕೇಳಬೇಕು ಎಂಬುದು. ಚಿಗಟವನ್ನು ಕೇಳಬೇಕಾದದ್ದು ಕಾರ್ಖಾನೆಗೆ ಒಪ್ಪಿಗೆ ಕೊಡುವ ಮೊದಲು. ಆಮೇಲೆ ಕೇಳಬೇಕಾದದ್ದು ದಡದವರನ್ನು, ಅದೂ ಅವರು ಬೀದಿಗೆ ಬರುವ ಮೊದಲು. 1984ರಲ್ಲಿ ತುಂಗಭದ್ರೆಯ ದಡದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಇಂದು ಯಾವ ಹೊಸ ಕಾರ್ಖಾನೆಯ ಅಹವಾಲು ಸಭೆಗೆ ಹೋದರೂ ನಾವು ಕೇಳಬಹುದಾದ ಒಂದು ಪ್ರಶ್ನೆ ಇದೆ: ನಿಮ್ಮ ನೀರಿನಲ್ಲಿ ಎಷ್ಟು ಚಿಗಟ ಬದುಕಿದವು, ಆ ವರದಿ ಕನ್ನಡದಲ್ಲಿ ಎಲ್ಲಿ ಸಿಗುತ್ತದೆ?