ಮನೆಮಾತಲ್ಲದ ಕನ್ನಡ: ಕಾಸರಗೋಡಿನ ಕಲಿಕೆಯ ಚರಿತ್ರೆ

ಕಾಸರಗೋಡಿನ ಕನ್ನಡಿಗರಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ಹವ್ಯಕರೇ ಮೊದಲಾದ ಕೆಲವು ಸಮುದಾಯಗಳು ಕನ್ನಡದ ಒಳನುಡಿಗಳನ್ನು ಮನೆಯಲ್ಲಿ ಆಡುತ್ತವೆ. ತುಳು, ಕೊಂಕಣಿ, ಮರಾಠಿ ಮನೆಮಾತಿನವರಿಗಾದರೋ ಕನ್ನಡವು ಕಲಿತು ಪಡೆದ ನುಡಿ. ಇಲ್ಲಿನ ಕನ್ನಡದ ಚರಿತ್ರೆಯು ಬಹುಮಟ್ಟಿಗೆ ಕಲಿಕೆಯ ಚರಿತ್ರೆಯೇ ಆಗಿದೆ.

ಈ ಕಲಿಕೆ ಶಾಲೆಗಿಂತ ಹಳೆಯದು. ತುಳುನಾಡಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಮನೆಯಲ್ಲಿ ತುಳು, ಬರಹದಲ್ಲಿ ಕನ್ನಡ ಎಂಬ ಹಂಚಿಕೆ ಶತಮಾನಗಳದು. ಬರಹ ಅರಿಯದವರಿಗೂ ಕನ್ನಡವನ್ನು ಮುಟ್ಟಿಸಿದ್ದು ಯಕ್ಷಗಾನ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಕನ್ನಡದವು. ತಾಳಮದ್ದಳೆಯಲ್ಲಿ ಅರ್ಥಧಾರಿಯು ಪದ್ಯದ ಭಾವವನ್ನು ಅಲ್ಲಿಯೇ ಮಾತು ಕಟ್ಟಿ ವಿಸ್ತರಿಸಬೇಕು. ತುಳು ಮನೆಮಾತಿನ ಅರ್ಥಧಾರಿಯು ಗ್ರಾಂಥಿಕ ಕನ್ನಡದಲ್ಲಿ ವಾದ ಹೂಡುತ್ತಿದ್ದನು. ತುಳು ಮನೆಮಾತಿನ ಶ್ರೋತೃಗಳು ಅದನ್ನು ಸವಿಯುತ್ತಿದ್ದರು. ಕೇಳ್ಮೆಯೇ ಅವರ ಪಾಠಶಾಲೆಯಾಗಿತ್ತು.

ಹೀಗೆ ಕಲಿತ ಭಾಷೆ ಎರಡನೆಯ ದರ್ಜೆಯದಾಗಿ ಉಳಿಯಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು (1915–2015) ತುಳು. ಮೊದಲನೆಯವರು ಕನ್ನಡದ ರಾಷ್ಟ್ರಕವಿಯಾದರು. ಶಿಕ್ಷಕರಾಗಿದ್ದ ಎರಡನೆಯವರು ಕನ್ನಡದಲ್ಲಿ ಕಾವ್ಯ ರಚಿಸುತ್ತ ಕಾಸರಗೋಡಿನ ವಿಲೀನೀಕರಣ ಹೋರಾಟದ ಮುಂಚೂಣಿಯಲ್ಲಿ ನಿಂತರು.

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರಭಾಗವನ್ನು ಮೈಸೂರು ರಾಜ್ಯಕ್ಕೆ ನೀಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಅಂದಿನಿಂದ ಇಲ್ಲಿನ ಕನ್ನಡದ ಆಸರೆ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳು. ಅವುಗಳಲ್ಲಿ ಮುಖ್ಯವಾದುದು 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿ. ಅದು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸೌಲಭ್ಯವನ್ನು ಹೇಳುತ್ತದೆ.

ತೊಡಕಿರುವುದು ‘ಮಾತೃಭಾಷೆ’ ಎಂಬ ಪದದಲ್ಲಿ. ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಸಿದ ಮನೆಯ ಮಗು ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದು ತಲೆಮಾರುಗಳಿಂದ ಓದಿ ಬರೆಯುತ್ತ ಬಂದ ಭಾಷೆ ಕನ್ನಡವೇ. ಹೀಗಾಗಿ ಕನ್ನಡಿಗರ ಸಂಖ್ಯೆ ಕಾಗದದ ಮೇಲೆ ಕುಗ್ಗಿ ಕಾಣುತ್ತದೆ.

ಮನೆಮಾತು ಶಾಲೆಯಿಲ್ಲದೆಯೂ ಕೆಲಕಾಲ ಬಾಳೀತು. ಕಲಿಕೆಯಿಂದ ಬಂದ ಭಾಷೆಗೆ ಆ ಅವಕಾಶವಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಶಿಕ್ಷಕರು ನೇಮಕಗೊಂಡಾಗಲೆಲ್ಲ ಇಲ್ಲಿನ ಪಾಲಕರು ಪ್ರತಿಭಟಿಸಿದ್ದು ಈ ಕಾರಣದಿಂದಲೇ. 2017ರಲ್ಲಿ ಕೇರಳವು ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಎದ್ದ ಆತಂಕದ ಮೂಲವೂ ಇದೇ. ಅವರ ವಿರೋಧ ಮಲಯಾಳವನ್ನು ಕಲಿಯುವುದಕ್ಕಲ್ಲ. ಈ ನೆಲದಲ್ಲಿ ಇನ್ನೊಂದು ಭಾಷೆಯನ್ನು ಕಲಿಯುವುದು ಯಾರಿಗೂ ಹೊಸತಲ್ಲ. ಒಂದು ತಲೆಮಾರು ಕನ್ನಡವನ್ನು ಕಲಿಯದೆ ಹೋದರೆ ಮುಂದಿನದಕ್ಕೆ ಅದನ್ನು ಮನೆಯಲ್ಲಿ ಕಲಿಸುವವರು ಇರುವುದಿಲ್ಲವೆಂಬುದೇ ಅವರ ಚಿಂತೆ.